ಕೆರೆಕೆರೆ ಎನ್ನಲು ಬಾರದ ಅಕನಿಸಿ

ಅಕನಿಸಿ ಚಹಾವನ್ನು ನಿಂತೇ ಕುಡಿಯುತ್ತಾಳೆ. ನನ್ನ ಹೊಲಿಗೆ ಅಂಗಡಿಗೆ ಬಂದಾಗ ನಾನು ಸ್ಟೂಲು ಎಳೆದು ಮುಂದಿಟ್ಟರೆ, ಅದರ ಮೇಲೆ ತನ್ನ ಚೀಲವನ್ನು ಕೂರಿಸಿ, ತಾನು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ, ಬಾಯಿ ಸುಡುವಂಥ ಚಹಾವನ್ನು ಗುಟುಕು ಗುಟುಕಾಗಿ ಆತುರದಲ್ಲಿ ಮುಗಿಸಿ, ಲೋಟವನ್ನು ತಾನೇ ತೊಳೆದು ಬೋರಲು ಹಾಕಿ ಹೊರಡುತ್ತಾಳೆ. ಊರಿನವರು ಇದನ್ನು ಚುರುಕುತನವೆಂದು ಹೊಗಳುತ್ತಾರೆ. “ನಮ್ಮ ಅಕನಿಸಿ ಮೇಡಂ ಕೂತದ್ದನ್ನು ಕಂಡವರಿಲ್ಲ” ಎಂದು ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ಅವಳನ್ನು ಉದಾಹರಣೆಯಾಗಿ ಎತ್ತಿ ತೋರಿಸಿದ್ದೂ ಉಂಟು. ಆಗಲೂ ಅವಳು ಚರ್ಚಿನ ಹಿಂದಿನ ಬಾಗಿಲಲ್ಲಿ ಯಾರದೋ ಅಳುವ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಹಾಗೆ ಹೊಗಳಿದವರಲ್ಲಿ ಒಬ್ಬರಾದರೂ, ಅವಳು ಕೂರಲಿ ಎಂದು ಎದ್ದು ಜಾಗ ಬಿಟ್ಟುಕೊಟ್ಟದ್ದನ್ನು ಮಾತ್ರ ನಾನು ಕಂಡಿಲ್ಲ.

ಎತ್ತರದ ಹೆಂಗಸು. ನಡೆಯುವಾಗ ಎಡಕ್ಕೆ ತುಸು ವಾಲುತ್ತಾಳೆ. ಸೊಂಟದ ಮೇಲೆ ಮಗುವನ್ನು ಹೊತ್ತವರ ವಾಲು ಅದು. ಮಗಳು ದೊಡ್ಡವಳಾಗಿ, ಮದುವೆಯಾಗಿ, ಸುವಾ ಪಟ್ಟಣ ಸೇರಿದ ಮೇಲೂ ಆ ವಾಲು ಹೋಗಲಿಲ್ಲ. ಮಗು ಇಳಿದ ಜಾಗಕ್ಕೆ ಮತ್ತೇನಾದರೂ ಬಂದು ಕೂರುತ್ತಲೇ ಇತ್ತು, ಗೆಣಸಿನ ಬುಟ್ಟಿ, ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು, ನೆಂಟರ ಮನೆಯ ಕೂಸು. ಅವಳ ಸುಲು ಜಾಂಬಾವನ್ನು, ಅಂದರೆ ಇಲ್ಲಿನ ಹೆಂಗಸರು ಉಡುವ ಉದ್ದನೆಯ ಅಂಗಿ ಮತ್ತು ಸುತ್ತುಲಂಗವನ್ನು, ಹೊಲಿದುಕೊಡುವವಳು ನಾನೇ. ಎಲ್ಲ ಹೆಂಗಸರೂ ಕತ್ತಿನ ಪಟ್ಟಿ ಹೀಗಿರಲಿ, ತೋಳಿನ ಅಂಚು ಹಾಗಿರಲಿ ಎಂದು ತಲೆ ತಿಂದರೆ ಇವಳದು ಒಂದೇ ಬೇಡಿಕೆ: ಒಳಗಡೆ ಆಳವಾದ ಒಂದು ಜೇಬು. ಸೀಮೆಸುಣ್ಣಕ್ಕೆ ಅದು. ಒಮ್ಮೆ ಹರಿದ ಜೇಬನ್ನು ಸರಿಮಾಡಲೆಂದು ಬಿಚ್ಚಿದಾಗ ಸೀಮೆಸುಣ್ಣದ ತುಂಡುಗಳ ಜೊತೆ ಬಟ್ಟೆ ಒಣಹಾಕುವ ಕ್ಲಿಪ್ಪು, ಒಣಗಿದ ಒಂದು ಮೆಣಸಿನಕಾಯಿ, ಯಾವುದೋ ಮಗುವಿನ ಬಿದ್ದ ಹಾಲುಹಲ್ಲು ಸಿಕ್ಕಿದವು. ಶಾಲೆ ಎಲ್ಲಿ ಮುಗಿದು ಅಡುಗೆಮನೆ ಎಲ್ಲಿ ಶುರುವಾಗುತ್ತದೆ ಎನ್ನುವುದು ಆ ಜೇಬಿಗೂ ಗೊತ್ತಿರಲಿಲ್ಲ.

ಈ ದ್ವೀಪಗಳಲ್ಲಿ ಒಂದು ಮಾತಿದೆ: ಕೆರೆಕೆರೆ. ‘ದಯವಿಟ್ಟು’ ಎನ್ನುವುದಕ್ಕೂ ಅದೇ, ‘ಕೊಡು’ ಎನ್ನುವುದಕ್ಕೂ ಅದೇ. ನೆಂಟರೋ ನೆರೆಯವರೋ ಬಾಗಿಲಲ್ಲಿ ನಿಂತು ಕೆರೆಕೆರೆ ಎಂದ ಮೇಲೆ ಇಲ್ಲವೆನ್ನುವ ಹಾಗಿಲ್ಲ. ಇವತ್ತು ನಿನ್ನ ಕಷ್ಟಕ್ಕೆ ನನ್ನ ದೋಣಿ, ನಾಳೆ ನನ್ನ ಕಷ್ಟಕ್ಕೆ ನಿನ್ನ ಬಲೆ. ಒಳ್ಳೆಯ ಪದ್ಧತಿಯೇ, ಬಿರುಗಾಳಿ ಬಂದು ಚಾವಣಿಯ ತಗಡುಗಳನ್ನೆಲ್ಲ ಕೊಲ್ಲಿಗೆ ಎಸೆದ ವರ್ಷ ನಮ್ಮ ಸವುಸವು ಪಟ್ಟಣ ಮತ್ತೆ ಎದ್ದು ನಿಂತದ್ದು ಈ ಒಂದು ಪದವನ್ನು ಹಿಡಿದುಕೊಂಡೇ. ಆದರೆ ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಕನ್ನಡದ ಕಿವಿಗೆ ಅದು ಕಿರಿಕಿರಿಯ ಒಡಹುಟ್ಟಿದ ಅಣ್ಣನ ಹಾಗೆ ಕೇಳಿಸಿತ್ತು, ಮತ್ತು ಅಕನಿಸಿಯನ್ನು ಕಂಡ ಮೇಲೆ ನನ್ನ ಕಿವಿ ಅಷ್ಟೇನೂ ತಪ್ಪು ಹೇಳಿರಲಿಲ್ಲ ಅನ್ನಿಸಿತು. ಗಂಡಸರ ಹತ್ತಿರ ಕೇಳುವುದು ದೋಣಿ, ಕೊಡಲಿ, ಹಗ್ಗ. ಕೆಲಸವಾದ ಮೇಲೆ ತಿರುಗಿ ಬರುವಂಥವು. ಹೆಂಗಸರ ಹತ್ತಿರ ಕೇಳುವುದು ದುಡಿತ. ಬೇಯಿಸಿ ಹಾಕಿದ ಮಧ್ಯಾಹ್ನ, ಮಗುವನ್ನು ನೋಡಿಕೊಂಡ ಸಂಜೆ, ಇವನ್ನು ಯಾರು ಯಾವ ದೋಣಿಯಲ್ಲಿ ತಂದು ಹಿಂದಿರುಗಿಸುತ್ತಾರೆ?

ಎಲ್ಲರೂ ಅವಳಿಗೆ ಕೆರೆಕೆರೆ ಎನ್ನುತ್ತಿದ್ದರು. ಅವಳ ಉತ್ತರ ಯಾವಾಗಲೂ ಒಂದೇ: “ತೊಂದ್ರೆ ಇಲ್ಲ.” ಅವಳು ಮಾತ್ರ ಯಾರಿಗೂ ಆ ಪದವನ್ನು ಹೇಳಿದವಳಲ್ಲ. ಮನೆಯಲ್ಲಿ ಉಪ್ಪು ಮುಗಿದ ದಿನ ಪಕ್ಕದ ಮನೆಯಲ್ಲಿ ಕೇಳದೆ ಉಪ್ಪಿಲ್ಲದ ಮೀನು ಸಾರನ್ನೇ ಬಡಿಸಿದ್ದು ಬಹಳ ಕಾಲ ನಗೆಪಾಟಲಾಗಿತ್ತು. ಆ ಪಕ್ಕದ ಮನೆ ವಿಲಿಮೈನಾಳದು. ಇವಳ ಸೋದರಮಾವನ ಮಗಳು, ಹಾಗಾಗಿ ಇಲ್ಲಿನ ಲೆಕ್ಕದಲ್ಲೂ ನಮ್ಮ ಲೆಕ್ಕದಲ್ಲೂ ಅತ್ತಿಗೆ–ನಾದಿನಿ, ಒಬ್ಬರನ್ನೊಬ್ಬರು ಗೇಲಿ ಮಾಡುವುದು ಹುಟ್ಟಿನಿಂದ ಬಂದ ಹಕ್ಕು. ಮಾರುಕಟ್ಟೆಯಲ್ಲಿ ಮರಗೆಣಸು, ಕೆಸುವಿನ ಗೆಡ್ಡೆ ಗುಡ್ಡೆ ಹಾಕಿ ಮಾರುವ ವಿಲಿಮೈನಾಳ ದನಿ ಬಂದರುಕಟ್ಟೆಯ ತನಕ ಕೇಳುತ್ತದೆ.

“ಏನತ್ತಿಗೆ, ಎದುರಿಗೇ ಅಷ್ಟು ದೊಡ್ಡ ಸಮುದ್ರ ಇದೆ. ಒಂದು ಸೌಟು ನೀರು ಮೊಗೆದು ಸಾರಿಗೆ ಸುರ್ಕೊಳ್ಳೋದು ತಾನೇ? ಅದನ್ನ ಯಾರನ್ನೂ ಕೇಳ್ಬೇಕಾಗಿರಲಿಲ್ಲ!”

ಅಕನಿಸಿ ನಕ್ಕು, ತೊಂದ್ರೆ ಇಲ್ಲ ಎಂದಳಂತೆ.

ಇಂಥವಳು ತರಗತಿಯೊಳಗೆ ಕಾಲಿಟ್ಟರೆ ಬೇರೆಯೇ ಹೆಂಗಸು. ಅವಳು ಎಂಟನೇ ಕ್ಲಾಸಿಗೆ ಪಾಠ ಹೇಳುವ ಕೋಣೆಯ ಕಿಟಕಿ ನಮ್ಮ ರಸ್ತೆಗೆ ಕಾಣುತ್ತದೆ; ಶಾಲೆಯ ಸಮವಸ್ತ್ರ ಕೊಡಲು ಗುಡ್ಡ ಹತ್ತಿದಾಗಲೆಲ್ಲ ನಾನು ಅಲ್ಲಿ ನಿಂತು ಕೇಳಿದ್ದೇನೆ. ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನು, ಮಕ್ಕಳು ಕೊಳೆ ಮಾಡುತ್ತಾರೆಂದು, ಹೆಡ್‌ಮಾಸ್ಟರ್ ಎಪೆಲಿ ತಮ್ಮ ಕೋಣೆಯ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗ ತೆರೆಯುತ್ತಿದ್ದುದು ಮೇಲಧಿಕಾರಿಗಳು ಬಂದಾಗ ಮಾತ್ರ. ಅಕನಿಸಿ ಜಗಳಕ್ಕೆ ಹೋಗಲಿಲ್ಲ. ಮಕ್ಕಳಿಗೆ ಮನೆಯಿಂದ ಮೀನಿನ ಡಬ್ಬಿ, ಬಿಸ್ಕತ್ತಿನ ಪೊಟ್ಟಣ, ಸೀಮೆಎಣ್ಣೆ ಸ್ಟವ್ವಿನ ರಟ್ಟಿನ ಪೆಟ್ಟಿಗೆ ತರಲು ಹೇಳಿದಳು. ಓದು ಬಾರದ ಹುಡುಗಿಯರು ಡಬ್ಬಿಯ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಸವರುತ್ತ “ತಂಪಾದ ಒಣ ಜಾಗದಲ್ಲಿ ಇಡಿ” ಎಂದು ಒದರುವುದು, ಇವಳು “ಯಾರನ್ನ ಇಡಬೇಕಂತೆ? ನಿನ್ನ ತಮ್ಮನ್ನಾ?” ಎನ್ನುವುದು, ಇಡೀ ಕ್ಲಾಸು ಬಿದ್ದು ಬಿದ್ದು ನಗುವುದು. ಕೋಲು ಹಿಡಿದವಳಲ್ಲ. ತಪ್ಪು ಓದಿದವರನ್ನು ಅಜ್ಜನ ಹೆಸರು ಸೇರಿಸಿ ಪೂರ್ತಿ ಹೆಸರಿನಲ್ಲಿ ಕರೆಯುತ್ತಿದ್ದಳು, ಅಷ್ಟೇ. ಸತ್ತ ಅಜ್ಜನ ಮರ್ಯಾದೆ ಉಳಿಸಲು ಮಕ್ಕಳು ಮತ್ತೊಮ್ಮೆ ಓದುತ್ತಿದ್ದವು. ಆ ಕೋಣೆಯಲ್ಲಿ ಅವಳ ಬೆನ್ನು ನೆಟ್ಟಗಿರುತ್ತಿತ್ತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

ಆ ಕೋಣೆಯ ಬಾಗಿಲನ್ನೇ ಎಪೆಲಿ ತಟ್ಟುತ್ತಿದ್ದರು. ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಸುಲು, ಅದಕ್ಕೆ ಗರಿಗರಿ ಇಸ್ತ್ರಿ, ಹೊಳೆಯುವ ಚಪ್ಪಲಿ, ಬಾಗಿಲ ಸಂದಿಯಲ್ಲಿ ಮೊದಲು ನಗು, ಆಮೇಲೆ ಮುಖ. “ಕೆರೆಕೆರೆ ಅಕನಿಸಿ, ಇಲಾಖೆಯವರು ಬಂದ್ಬಿಟ್ಟಿದಾರೆ, ಸ್ವಲ್ಪ ಚಹಾ.” “ಕೆರೆಕೆರೆ ಅಕನಿಸಿ, ನಿಮ್ಮ ಕೈಯ ಕೆಸುವಿನ ಸೊಪ್ಪು ಅಂದ್ರೆ ಸಾಹೇಬ್ರಿಗೆ ಪ್ರಾಣ.” “ಕೆರೆಕೆರೆ, ಅತಿಥಿಗಳಿಗೆ ಹೂವಿನ ಹಾರ ಆಗ್ಬೇಕಿತ್ತು.” ಭಿನ್ನರಾಶಿ ಕಪ್ಪುಹಲಗೆಯ ಮೇಲೆ ಅರ್ಧಕ್ಕೇ ನಿಲ್ಲುತ್ತಿತ್ತು. ಇವಳು ಸೀಮೆಸುಣ್ಣದ ಕೈಯನ್ನು ಒರೆಸಿಕೊಂಡು ತೆಂಗಿನಕಾಯಿ ತುರಿಯಲು ಹೋಗುತ್ತಿದ್ದಳು. ಅದೇ ಶಾಲೆಯಲ್ಲಿ ಗಂಡು ಮಾಸ್ಟರುಗಳೂ ಇದ್ದರು. ಅವರ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ, ಯಾಕೆಂದರೆ ಅವರು ಪಾಠ ಮಾಡುತ್ತಿದ್ದರಲ್ಲ! ಇವಳು ಮಾಡುತ್ತಿದ್ದುದು ಏನು, ಕಾಲಹರಣವೇ?

ಉಪಮುಖ್ಯಸ್ಥರ ಹುದ್ದೆ ಖಾಲಿಯಾದಾಗ ಆ ಕೆಲಸವನ್ನೂ ಅವಳ ತಲೆಗೇ ಕಟ್ಟಿದರು. ಹುದ್ದೆ ಕೊಡಲಿಲ್ಲ, ಕೆಲಸ ಕೊಟ್ಟರು. ವೇಳಾಪಟ್ಟಿ ಹಾಕುವುದು, ಗೈರುಹಾಜರಾದ ಮಾಸ್ಟರುಗಳ ಕ್ಲಾಸು ತೆಗೆದುಕೊಳ್ಳುವುದು, ಜಗಳವಾಡಿಕೊಂಡು ಬಂದ ತಂದೆತಾಯಿಗಳನ್ನು ಸಮಾಧಾನಪಡಿಸುವುದು. ಎಪೆಲಿಯವರು ಪ್ರತಿ ಸಲವೂ, ಹುದ್ದೆ ನಿಮ್ಮದೇ, ಮೇಲಿನಿಂದ ಕಾಗದ ಬರುವುದೊಂದು ಬಾಕಿ, ಎನ್ನುತ್ತಿದ್ದರು. ಕಾಗದ ಬಂತು. ಹುದ್ದೆ ಇಸಿರೇಲಿಗೆ ಹೋಯಿತು. ಇಸಿರೇಲಿ ಅವಳ ಕೈಯಲ್ಲೇ ಮೀನಿನ ಡಬ್ಬಿ ಓದಿ ಅಕ್ಷರ ಕಲಿತವನು. ಮಾಸ್ಟರಾಗಿ ಬಂದು ಇನ್ನೂ ಸರಿಯಾಗಿ ಬೆವತಿರಲಿಲ್ಲ. ಹುಡುಗ ಕೆಟ್ಟವನಲ್ಲ, ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಇದ್ದ. ಅವನ ಹೆಸರನ್ನು ಶಿಫಾರಸು ಮಾಡಿದವರು ಎಪೆಲಿಯವರೇ ಎಂದು ಆಮೇಲೆ ಗೊತ್ತಾಯಿತು. ಅಕನಿಸಿ ಹೋಗಿ ಕೇಳಿದ್ದಕ್ಕೆ ಅವರು ಹೇಳಿದ ಮಾತನ್ನು ಅವಳು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಹಾಗೇ ಒಪ್ಪಿಸಿದಳು:

“ನಿಮ್ಮ ಕೈ ತುಂಬಾ ಕೆಲಸ ಇದೆಯಲ್ಲ ಅಕನಿಸಿ. ಅತಿಥಿಗಳು, ಅಡುಗೆ, ಹಾರ ತುರಾಯಿ. ಇದೆಲ್ಲದರ ಮಧ್ಯೆ ನಿಮಗೆ ಇನ್ನೂ ಹೊರೆ ಹಾಕೋಕೆ ನನಗೆ ಮನಸ್ಸು ಬರಲಿಲ್ಲ.”

ಆ ಅತಿಥಿಗಳನ್ನು, ಆ ಅಡುಗೆಯನ್ನು, ಆ ಹಾರಗಳನ್ನು ಅವಳ ಕೈಗೆ ತುಂಬಿದವರು ಯಾರು? ತಾವೇ ಒಂದೊಂದಾಗಿ ತಂದು ಹೇರಿ, ಆಮೇಲೆ ಕೈ ಖಾಲಿಯಿಲ್ಲವಲ್ಲ ಎಂದು ಮರುಗುವ ಈ ದಯೆಯನ್ನು ಯಾವ ಸಮುದ್ರದಲ್ಲಿ ತೊಳೆದರೆ ಶುದ್ಧವಾದೀತು? ನನ್ನ ಕೈಯಲ್ಲಿದ್ದ ಕತ್ತರಿ ಬಟ್ಟೆಯನ್ನು ಅಡ್ಡಕ್ಕೆ ಕತ್ತರಿಸಿಬಿಟ್ಟಿತು. ಅವಳು ತನ್ನ ಎಂದಿನ ‘ತೊಂದ್ರೆ ಇಲ್ಲ’ಕ್ಕಾಗಿ ಬಾಯಿ ತೆರೆದಳು. ಬರಲಿಲ್ಲ. ಲೋಟದಲ್ಲಿ ಚಹಾ ಹಾಗೆಯೇ ಉಳಿದಿತ್ತು.

ಮರುದಿನ ಅವಳು ಎಪೆಲಿಯವರಿಗೆ, ನನಗೆ ಇನ್ನು ಪಾಠ ಹೇಳುವ ಕೆಲಸ ಸಾಕು, ಎಂದಳು. ಅವರು ಗಾಬರಿಯಾದರು. ಅವರ ಗಾಬರಿ ಎಂಟನೇ ಕ್ಲಾಸಿಗಾಗಿಯೋ ಕೆಸುವಿನ ಸೊಪ್ಪಿಗಾಗಿಯೋ ನಾನು ಹೇಳಲಾರೆ. ಕೊನೆಗೆ, ಒಂದು ಟರ್ಮು ರಜೆಯ ಮೇಲೆ ಮನೆಯಲ್ಲಿರಿ, ಟರ್ಮು ಮುಗಿಯುವಷ್ಟರಲ್ಲಿ ಬರುತ್ತೀರೋ ಬಿಡುತ್ತೀರೋ ಖಂಡಿತ ಹೇಳಿ, ಆಮೇಲೆ ನಾನು ಬೇರೆಯವರನ್ನು ನೋಡಿಕೊಳ್ಳುತ್ತೇನೆ, ಎಂದರು.

ಮನೆಯಲ್ಲಿ ಕೂತು ಸುಧಾರಿಸಿಕೊಂಡು ನಿಧಾನವಾಗಿ ಯೋಚಿಸುವುದು ಅವಳ ಎಣಿಕೆಯಾಗಿತ್ತು. ಹೆಂಗಸು ಮನೆಯಲ್ಲಿದ್ದಾಳೆ ಎಂದರೆ ಖಾಲಿ ಇದ್ದಾಳೆ ಎಂದು ಅರ್ಥ ಮಾಡಿಕೊಳ್ಳದ ದೇಶ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ನನಗೆ ತಿಳಿಸಿ, ನಾನು ಹೊಲಿಗೆ ಯಂತ್ರ ಹೊತ್ತುಕೊಂಡು ಅಲ್ಲಿಗೆ ಹೋಗುತ್ತೇನೆ. ಸುದ್ದಿ ಗಂಡನ ಹಳ್ಳಿಗೆ ಮುಟ್ಟಿದ್ದೇ ತಡ, ಮೈದುನ ತನ್ನ ಮಕ್ಕಳನ್ನು ಚಾಪೆ ದಿಂಬು ಸಮೇತ ತಂದು ಬಿಟ್ಟ: “ಕೆರೆಕೆರೆ ಅತ್ತಿಗೆ, ಹೇಗೂ ಮನೇಲೇ ಇದೀರಲ್ಲ, ಪಟ್ಟಣದ ಶಾಲೆಗೆ ಹೋಗ್ಲಿ ಇವರು.” ಚರ್ಚಿನ ಹೆಂಗಸರ ಸಂಘದವರು ಚಾಪೆ ನೇಯುವ ಸರದಿಯನ್ನು ಅವಳ ಜಗಲಿಗೆ ಬದಲಾಯಿಸಿದರು. ಗಂಡ ಸೆಮಿ, ಬಸ್ಸಿನ ಡ್ರೈವರು, ಬಲು ಸಾಧು ಮನುಷ್ಯ, ಹೆಂಡತಿಗೆ ಒಂದು ದಿನ ಗದರಿದವನಲ್ಲ. ಅವನು ಕೂಡ ಗೆಳೆಯರನ್ನು ಹಗಲು ಹೊತ್ತಿನಲ್ಲೇ ಯಂಗೋನ ಕುಡಿಯಲು ಕರೆತರತೊಡಗಿದ. ಯಂಗೋನ ಎಂಬ ಬೇರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಬೋಗುಣಿ ನಡುವಿಟ್ಟುಕೊಂಡು, ಗಂಡಸರು ಗಂಟೆಗಟ್ಟಲೆ ಮಾತಾಡುತ್ತ ಕೂರುವುದನ್ನು ಇಲ್ಲಿ ಊರಿನ ಕೆಲಸ ಎನ್ನುತ್ತಾರೆ. ಅವರಿಗೆ ನಂಚಿಕೊಳ್ಳಲು ಏನಾದರೂ ಬೇಯಿಸಿ ಕೊಡುವುದಕ್ಕೆ ಹೆಸರಿಲ್ಲ.

ಟರ್ಮು ಮುಗಿಯುತ್ತ ಬಂತು. ಅಕನಿಸಿಯ ಕಣ್ಣುಗಳು ಗುಳಿಬಿದ್ದಿದ್ದವು. ನಾನು ಹೊಸದಾಗಿ ಹೊಲಿದುಕೊಟ್ಟ ಅಂಗಿಯ ಜೇಬಿನಲ್ಲಿ ಸೀಮೆಸುಣ್ಣವಿರಲಿಲ್ಲ, ಅದೊಂದೇ ವ್ಯತ್ಯಾಸ.

ನಮ್ಮ ಕೊಲ್ಲಿಯ ದಡದಲ್ಲಿ ನೆಲದೊಳಗಿಂದ ಕುದಿಯುವ ನೀರು ಉಕ್ಕುತ್ತದೆ. ಮರಗೆಣಸನ್ನು ಪಾತ್ರೆಯಲ್ಲಿ ತುಂಬಿ ಆ ಬುಗ್ಗೆಯಲ್ಲಿಟ್ಟು, ಮೇಲೆ ಗೋಣಿಚೀಲ ಮುಚ್ಚಿ ಬಂದರೆ ಸೌದೆಯ ಹಂಗಿಲ್ಲದೆ ಬೇಯುತ್ತದೆ. ಬೇಯುವ ತನಕ ಹೆಂಗಸರು ಕಲ್ಲುಗಳ ಮೇಲೆ ಕೂರುತ್ತಾರೆ. ಈ ಊರಿನಲ್ಲಿ ಹೆಂಗಸರು ಕೆಲಸದ ನೆಪದಲ್ಲಿ ಕೂರಬಹುದಾದ ಒಂದೇ ಜಾಗ ಅದು. ಆ ಶನಿವಾರ ವಿಲಿಮೈನಾ, ನಾನು, ಅಕನಿಸಿ ಇದ್ದೆವು. ಮಂಡಿನೋವಿಗೆ ಹಬೆ ಹಿತವೆಂದು ಅಕನಿಸಿಯ ಅತ್ತೆಯೂ ಬಂದು ಕಾಲು ಚಾಚಿ ಕೂತಿದ್ದರು. ಬುಬು ತರೈವಿನಿ. ಬುಬು ಎಂದರೆ ಅಜ್ಜಿ, ಊರಿಗೆಲ್ಲ ಅಜ್ಜಿ. ದೊಡ್ಡ ಮನೆತನದ ಮಗಳು, ಮಾತು ಕಡಿಮೆ, ದಿನವೆಲ್ಲ ಮೂಲೆಯಲ್ಲಿ ಕೂತು ಚಾಪೆಗೆಂದು ಕೇದಗೆಯ ಗರಿ ಸೀಳುತ್ತ ಇರುವವರು.

ವಿಲಿಮೈನಾ ಸುಮ್ಮನಿರಲಿಲ್ಲ. “ಅತ್ತಿಗೆ, ನೀನು ಶಾಲೆ ಬಿಟ್ಟು ಏನು ಚಂದ ಆದೆ ಅಂತ ನೋಡ್ತಿದೀನಿ. ಹೋದ ವರ್ಷ ಒಣಮೀನಿನ ಹಾಗಿದ್ದೆ. ಈಗ ಅದರ ಮುಳ್ಳಿನ ಹಾಗಿದೀಯ.”

“ಸುಮ್ನಿರೇ.”

“ಸುಮ್ನಿರಲ್ಲ. ಒಂದು ಕೇಳ್ತೀನಿ, ನಿಜ ಹೇಳು. ನಿಂಗೆ ಯಾವುದು ಸಾಕಾಗಿದ್ದು? ಮಕ್ಕಳಾ? ಪಾಠನಾ?”

ಅಕನಿಸಿ ಪಾತ್ರೆಯ ಮೇಲಿನ ಗೋಣಿಚೀಲವನ್ನು ಸರಿಮಾಡಿದಳು. ಆಮೇಲೆ ನಿಧಾನವಾಗಿ, ತನಗೇ ಆಶ್ಚರ್ಯವಾದವಳಂತೆ ಹೇಳಿದಳು: “ಪಾಠದಿಂದ ನಾನು ಒಂದು ದಿನಾನೂ ಸುಸ್ತಾಗಿಲ್ಲ ಕಣೇ. ಪಾಠ ಮಾಡಿದ ದಿನ ರಾತ್ರಿ ನಿದ್ದೆ ಚೆನ್ನಾಗಿ ಬರ್ತಿತ್ತು. ಪಾಠ ಬಿಡಿಸಿದ ದಿನಗಳೇ ನನ್ನ ತಿಂದಿದ್ದು.”

“ಮತ್ತೆ ಅದನ್ನೇ ಯಾಕೆ ಬಿಡ್ತಿದೀಯ, ದಡ್ಡಿ? ಹಲ್ಲು ನೋವು ಅಂತ ತಲೆ ಕತ್ತರಿಸ್ಕೊಳ್ತಾರಾ?”

ಅಕನಿಸಿ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಹೊಸ ಭಾಷೆಯ ಮೊದಲ ಪದವನ್ನು ಉಚ್ಚರಿಸುವ ಮಗುವಿನ ಹಾಗೆ ಅವಳು, “ಕೆರೆಕೆರೆ” ಎಂದಳು. “ನಂಗೆ ಪಾಠ ಮಾಡ್ಬೇಕು. ಪಾಠ ಅಷ್ಟೇ ಮಾಡ್ಬೇಕು. ನಂಗೊಬ್ಬಳಿಗೇ ಆಗ್ತಿಲ್ಲ.”

ನಾವೆಲ್ಲ ಒಟ್ಟಿಗೇ ಮಾತಾಡಿದೆವು. ವಿಲಿಮೈನಾ, ಮೈದುನನ ಮಕ್ಕಳು ನನ್ನ ಮನೆಯಲ್ಲಿ ಉಣ್ಣಲಿ ಎಂದಳು. ನಾನು, ಬಟ್ಟೆ ಒಗೆಯುವುದು ನನಗಿರಲಿ ಎಂದೆ. ಬುಬು ಕೈ ಎತ್ತಿದರು.

“ಇವಳ ತಲೆ ಮೇಲಿನ ಹೊರೆ ಇಳಿಸಿ ನೀವು ನಿಮ್ಮ ತಲೆ ಮೇಲೆ ಇಟ್ಕೊಂಡ್ರೆ ಏನು ಬಂತು? ಹೆಂಗಸಿಂದ ಹೆಂಗಸಿಗೆ ಹೋಯ್ತು ಅಷ್ಟೇ. ಹೊರೆ ಯಾರದ್ದೋ ಅವರಿಗೆ ವಾಪಸ್ ಕೊಡಿ. ನನ್ನ ಮಗನಿಗೆ ಕೈ ಎರಡೂ ಇವೆ. ಹೆತ್ತಾಗ ನಾನೇ ನೋಡಿದೀನಿ.”

ಮರುದಿನ ಬೆಳಿಗ್ಗೆ ಬುಬು ಮಗನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಯಾವ ಪೀಠಿಕೆಯೂ ಇಲ್ಲದೆ, “ಕೆರೆಕೆರೆ ಸೆಮಿ. ಇವತ್ತಿಂದ ಬೆಳಗಿನ ಒಲೆ ನಿಂದು” ಎಂದರು. ತಾಯಿ ಕೆರೆಕೆರೆ ಎಂದ ಮೇಲೆ ಮಗನಿಗೆ ಬೇರೆ ದಾರಿಯೇ ಇಲ್ಲ. ಸೆಮಿ ಗೆಣಸನ್ನು ಸೀಯಿಸಿದ, ಕೈ ಸುಟ್ಟುಕೊಂಡ, ತಮ್ಮನಿಗೆ ಫೋನು ಮಾಡಿ, ಮಕ್ಕಳು ಇರಲಿ, ಆದರೆ ನೀನೂ ಬಾ, ಬಂದು ಅವರ ಬಟ್ಟೆ ಒಗಿ, ಎಂದ. ತಮ್ಮ ಬಂದವನೇ ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡು ಹೋದ. ಹಳ್ಳಿಯಲ್ಲೂ ಒಂದು ಶಾಲೆ ಇದೆಯೆನ್ನುವುದು ಅವನಿಗೆ ಇದ್ದಕ್ಕಿದ್ದಂತೆ ನೆನಪಾಗಿತ್ತು. ಯಂಗೋನದ ಗೆಳೆಯರು ಸೆಮಿಗೆ “ಏನಮ್ಮಾ ಸೆಮಿ, ಅಡುಗೆ ಆಯ್ತಾ?” ಎಂದು ಹಂಗಿಸಿದರೆ ಅವನು, “ಆಯ್ತು. ನಿಮಗಿಲ್ಲ, ಎದ್ದು ಹೋಗಿ” ಎಂದನಂತೆ. ಇದನ್ನು ಕೇಳಿ ನನಗೂ ಸಂತೋಷವಾಯಿತು. ಆದರೆ ಸೆಮಿ ಗೆಣಸು ಬೇಯಿಸುವ ಸುದ್ದಿ ಬಸ್ ನಿಲ್ದಾಣದಿಂದ ಚರ್ಚಿನ ತನಕ ಹಬ್ಬಿ, ಎಂಥಾ ಗಂಡ, ಎಂಥಾ ಪುಣ್ಯವಂತೆ, ಎಂದು ಹೆಂಗಸರೇ ಕಣ್ಣೊರೆಸಿಕೊಂಡಾಗ ಸಂತೋಷ ಅರ್ಧವಾಯಿತು. ಮದುವೆಯಾದಂದಿನಿಂದ ಅದೇ ಗೆಣಸನ್ನು ಅದೇ ಪಾತ್ರೆಯಲ್ಲಿ ಬೇಯಿಸಿದವಳ ಸುದ್ದಿಯನ್ನು ಯಾವ ಬಸ್ಸೂ ಹೊತ್ತಿರಲಿಲ್ಲ.

ಶಾಲೆಯ ಹೊರೆ ಬಾಕಿಯಿತ್ತು. ಟರ್ಮಿನ ಕೊನೆಯಲ್ಲಿ ಶಾಲಾ ಸಮಿತಿ ಸೇರುತ್ತದೆ. ಮರದ ಕೆಳಗೆ ಚಾಪೆ ಹಾಸಿ, ಮೇಲ್ಗಡೆ ಸಮಿತಿಯವರು ಮತ್ತು ಮಾಸ್ಟರುಗಳು, ಕೆಳಗಡೆ ತಂದೆತಾಯಿಗಳು, ಹಿಂದುಗಡೆ ಚಹಾದ ಪಾತ್ರೆಗಳ ಹತ್ತಿರ ಹೆಂಗಸರು. ಅವತ್ತೇ ಅಕನಿಸಿ ತನ್ನ ತೀರ್ಮಾನ ತಿಳಿಸಬೇಕಾಗಿತ್ತು. ಸಮಿತಿಯವರು ಶಾಲೆಗಾಗಿ ಊರಿನವರಿಂದ ಕಾಣಿಕೆ ಸ್ವೀಕರಿಸುತ್ತಿದ್ದ ಹೊತ್ತಿಗೆ ಬುಬು ತರೈವಿನಿ ಕೋಲೂರಿಕೊಂಡು ಬಂದರು. ಜನ ತಾವಾಗಿ ಸರಿದು ದಾರಿ ಬಿಟ್ಟರು. ಆಕೆ ಎಪೆಲಿಯವರ ಎದುರಿಗೆ ಕೂತು, ಯಂಗೋನ ಬೇರಿನ ದೊಡ್ಡದೊಂದು ಕಟ್ಟನ್ನು ಚಾಪೆಯ ಮೇಲಿಟ್ಟರು. ಇಲ್ಲಿ ಅಂಥ ಕಟ್ಟನ್ನು ಮುಂದಿಟ್ಟು ಏನನ್ನಾದರೂ ಬೇಡಿದರೆ, ಎದುರಿನವರು ಮೊದಲು ಬೇಡಿಕೆಯನ್ನು ಕೇಳಿ, ಒಪ್ಪಿಗೆಯಿದ್ದರೆ ಮಾತ್ರ ಕಟ್ಟನ್ನು ಮುಟ್ಟಬೇಕು. ಮುಟ್ಟಿದರೆ ಕೊಟ್ಟ ಹಾಗೆ. ಎಪೆಲಿಯವರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಅಷ್ಟು ವರ್ಷ ಆ ಮನೆಯಿಂದ ಬರುತ್ತಿದ್ದುದೆಲ್ಲ ಕೊಡುಗೆಯೇ ತಾನೆ? ಆ ಮನೆಯ ಹೆಂಗಸರಿಗೂ ಬೇಡುವುದೊಂದಿದ್ದೀತು ಎನ್ನುವುದು ಅವರ ತಲೆಗೆ ಹೊಳೆಯಲೇ ಇಲ್ಲ. ಪದ್ಧತಿಯಂತೆ ಅಂಗೈ ಕುಳಿ ಮಾಡಿ ಗಂಭೀರವಾಗಿ ಚಪ್ಪಾಳೆ ತಟ್ಟಿ, ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, “ಬಹಳ ಉಪಕಾರ ಬುಬು” ಎಂದುಬಿಟ್ಟರು.

“ತಗೊಂಡ್ಯಾ ಮಗ? ಒಳ್ಳೇದಾಯ್ತು” ಎಂದರು ಬುಬು. “ಯಾಕೆ ತಂದೆ ಅಂತ ಈಗ ಹೇಳ್ತಾಳೆ ನನ್ನ ಸೊಸೆ. ಅಕನಿಸಿ, ಬಾ.”

ಯಾರೋ ಕಿಸಕ್ಕನೆ ನಕ್ಕರು. ಎಪೆಲಿಯವರ ಕೈಯಲ್ಲಿ ಕಟ್ಟು ಹಾಗೇ ಇತ್ತು. ಕೆಳಗಿಡುವ ಹಾಗಿಲ್ಲ, ಹಿಡಿದುಕೊಂಡಿರುವ ಹಾಗೂ ಇಲ್ಲ. ಅಕನಿಸಿ ಚಹಾದ ಪಾತ್ರೆಗಳನ್ನು ದಾಟಿ ಮುಂದೆ ಬಂದಳು. ಅವಳ ದನಿ ಎಂಟನೇ ಕ್ಲಾಸಿನ ಕೋಣೆಯದು.

“ಕೆರೆಕೆರೆ ಮಾಸ್ಟರ್. ನಾನು ಶಾಲೆಗೆ ಬರ್ತೀನಿ. ಪಾಠ ನಡೀತಿರೋವಾಗ ನನ್ನ ಬಾಗಿಲು ತಟ್ಟಬೇಡಿ. ಚಹಾಕ್ಕೆ ಬೇಡ, ಹಾರಕ್ಕೆ ಬೇಡ, ಸಾಹೇಬ್ರ ಊಟಕ್ಕೂ ಬೇಡ. ಅಡುಗೆ ಆಗ್ಲೇಬೇಕಾದ್ರೆ ಎಲ್ಲ ಮಾಸ್ಟರುಗಳೂ ಸರದಿ ಮೇಲೆ ಮಾಡ್ಲಿ. ನನ್ನ ಸರದಿ ಬಂದಾಗ ನಾನೂ ಮಾಡ್ತೀನಿ. ಪುಸ್ತಕದ ಬೀರು ತೆಗೀರಿ. ಮತ್ತೆ, ನನ್ನ ಕೈ ತುಂಬಾ ಕೆಲಸ ಇದೆ ಅಂತ ಇನ್ನೊಂದ್ಸಲ ಯಾರಿಗೂ ಹೇಳ್ಬೇಡಿ.”

“ಅಲ್ಲ ಮೇಡಂ, ಮಾಸ್ಟರುಗಳು ಅಡುಗೆ ಮಾಡೋದು ಅಂದ್ರೆ…” ಎಂದು ಸಮಿತಿಯವರೊಬ್ಬರು ರಾಗ ಎಳೆದರು. ಅಭ್ಯಾಸಬಲದಿಂದ ಮೇಲ್ಗಡೆ ಕೂತಿದ್ದ ಗಂಡಸರೆಲ್ಲರ ಕಣ್ಣೂ ಹಿಂದುಗಡೆಯ ಹೆಂಗಸರ ಕಡೆ ತಿರುಗಿತು.

“ಈ ಕಡೆ ನೋಡ್ಬೇಡಿ!” ವಿಲಿಮೈನಾಳ ದನಿ ಬಂದರುಕಟ್ಟೆಯ ತನಕ ಹೋಯಿತು. “ಕಟ್ಟು ಮುಟ್ಟಿದ್ದು ಮಾಸ್ಟರು. ನಾವು ಮುಟ್ಟಿಲ್ಲ.”

ಮೊದಲು ಎದ್ದವನು ಇಸಿರೇಲಿ. ಮುಖ ಕೆಂಪಗಾಗಿತ್ತು. “ಇವತ್ತಿನ ಚಹಾ ನನ್ನ ಸರದಿ” ಎಂದು ಹೋಗಿ ಹೆಂಗಸರ ಕೈಯಿಂದ ಸೌಟು ಇಸಿದುಕೊಂಡ. ಎಂಥ ಚಹಾ ಅದು! ಬಣ್ಣವಿಲ್ಲ, ರುಚಿಯಿಲ್ಲ. ಸಮಿತಿಯವರು ಕೊನೆಯ ಗುಟುಕಿನ ತನಕ ಕುಡಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಉಪಮುಖ್ಯಸ್ಥನ ಕುರ್ಚಿಯಲ್ಲಿ ಇಸಿರೇಲಿಯೇ ಇದ್ದಾನೆ. ಅನುಮಾನ ಬಂದರೆ ಅಕನಿಸಿಯನ್ನು ಕೇಳಲು ಬರುತ್ತಾನೆ, ಅವಳು ಹೇಳಿಕೊಡುತ್ತಾಳೆ, ಸಂಬಳ ಅವನಿಗೆ ಬರುತ್ತದೆ. ಎಪೆಲಿಯವರು ಅವಳನ್ನು ಕಂಡರೆ ಈಗ ನಗುವುದಿಲ್ಲ. ಅವಳಿಗೆ ದೊಡ್ಡಸ್ತಿಕೆ ಬಂದಿದೆ ಎಂದು ಹೇಳುವವರು ಊರಿನಲ್ಲಿ ಸಾಕಷ್ಟು ಇದ್ದಾರೆ. ಆದರೆ ಬೀರುವಿನ ಬೀಗ ತೆರೆದಿದೆ, ಮತ್ತು ಅವಳ ತರಗತಿಯ ಬಾಗಿಲನ್ನು ಯಾರೂ ತಟ್ಟುತ್ತಿಲ್ಲ. ಮೊನ್ನೆ ನಾನು ಗುಡ್ಡ ಹತ್ತಿದಾಗ ಒಳಗೆ ಭಿನ್ನರಾಶಿ ನಡೆಯುತ್ತಿತ್ತು, ಗಂಟೆ ಬಾರಿಸುವ ತನಕ ನಡೆಯಿತು.

ಅಕನಿಸಿಗೆ ಮಾತ್ರ ಕೃತಜ್ಞತೆ ತುಂಬಿ ತುಳುಕುತ್ತಿದೆ. “ಕೇಳಿದ ಕೂಡ್ಲೇ ಕೊಟ್ರಲ್ಲ ಅಕ್ಕ” ಎನ್ನುತ್ತಾಳೆ ನನಗೆ. “ಅತ್ತೆ, ಸೆಮಿ, ವಿಲಿಮೈನಾ, ನೀವು. ಎಂಥಾ ಜನ ಸಿಕ್ಕಿದಾರೆ ನಂಗೆ! ನಾನೇ ಇಷ್ಟು ವರ್ಷ ಬಾಯಿ ಬಿಟ್ಟಿರ್ಲಿಲ್ಲ.” ಹಾಗೆನ್ನುವಾಗ ಅವಳ ಕಣ್ಣಲ್ಲಿ ನೀರಾಡುತ್ತದೆ. ಆ ನೀರು ನಿಜ. ಬುಬುವಿನ ಮಂಡಿನೋವು, ಸೆಮಿಯ ಸುಟ್ಟ ಬೆರಳು, ವಿಲಿಮೈನಾಳ ಗಂಟಲು, ಇವೆಲ್ಲ ಅವಳ ಪಾಲಿಗೆ ನಿಂತದ್ದೂ ನಿಜ. ಅವರಿಲ್ಲದಿದ್ದರೆ ಇವತ್ತು ಒಬ್ಬ ಮೇಡಂ ಕಡಿಮೆಯಾಗುತ್ತಿದ್ದಳು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆದರೆ ನನ್ನ ಸಿಟ್ಟು ಇನ್ನೂ ಆರಿಲ್ಲ, ಆರಬೇಕೆಂಬ ಆಸೆಯೂ ನನಗಿಲ್ಲ. ಅಕನಿಸಿಯಂಥವರು ಎಲ್ಲ ಊರಿನಲ್ಲೂ ಇದ್ದಾರೆ, ಎಲ್ಲ ಶಾಲೆಯಲ್ಲೂ ಒಬ್ಬರಾದರೂ ಇದ್ದಾರೆ. ಅವರಿಗೆ ಕೇಳಲು ಬರುವುದಿಲ್ಲ ಎಂದು ಲೋಕ ಬಲು ಬೇಗ ಕಂಡುಕೊಳ್ಳುತ್ತದೆ, ಕಂಡುಕೊಂಡದ್ದಕ್ಕೆ ತ್ಯಾಗವೆಂದೋ ಸೇವೆಯೆಂದೋ ಒಂದು ಚಂದದ ಹೆಸರಿಡುತ್ತದೆ, ವರ್ಷಕ್ಕೊಮ್ಮೆ ಸಭೆ ಸೇರಿಸಿ ಅವರ ಕೊರಳಿಗೆ ಅವರೇ ಕಟ್ಟಿದ ಹಾರವನ್ನು ಹಾಕುತ್ತದೆ. ಕೊನೆಗೊಂದು ದಿನ ಅವರು ನಾಲಗೆ ಒಣಗಿಸಿಕೊಂಡು ಬಾಯಿ ಬಿಟ್ಟರೆ, ಕೇಳಿದ ತಕ್ಷಣ ಕೊಟ್ಟೆವು ನೋಡಿ ಎಂದು ಊರು ಎದೆ ಉಬ್ಬಿಸುತ್ತದೆ. ಅವರು ಕೇಳದೆ ಇದ್ದ ಅಷ್ಟೂ ವರ್ಷ ಊರಿಗೆ ಕಣ್ಣಿರಲಿಲ್ಲವೇ? ಇತ್ತು. ಊರು ಎದುರಿಗೇ ಕೂತಿತ್ತು, ಉಣ್ಣುತ್ತಿತ್ತು.